ಅಮೆರಿಕದ ವಯೋಮಿಂಗ್ ರಾಜ್ಯದ ರೆಡ್ ಡೆಸರ್ಟಿನಲ್ಲಿ ಪ್ರಾಂಗ್‌ಹಾರ್ನ್ ಬೇಟೆ: ಮೊದಲ ಸಲ ಹೊರಡುವವರಿಗೆ

ಬಯಲಿನಲ್ಲಿ ಹಿಂಡಾಗಿ ಮೇಯುವ ಕೊಂಬಿನ ಪ್ರಾಣಿ ಪ್ರಾಂಗ್‌ಹಾರ್ನನ್ನು ಹುಡುಕಿ ಅಲೆಯಬೇಕಾಗಿಲ್ಲ. ಐ-80 ಹೆದ್ದಾರಿಯಲ್ಲಿ ರಾಲಿನ್ಸ್ ದಾಟಿ ಪಶ್ಚಿಮಕ್ಕೆ ಹೊರಟರೆ ಕಾರಿನ ಕಿಟಕಿಯಿಂದಲೇ ಹಿಂಡುಗಳು ಕಾಣುತ್ತವೆ. ಗುಂಡು ಹಾರಿಸುವಷ್ಟು ಹತ್ತಿರ ಹೋಗುವುದೇ ಕಷ್ಟ. ಜಿಂಕೆಯಂತೆ ಕಂಡರೂ ಇದು ಜಿಂಕೆಯಲ್ಲ, ಕೃಷ್ಣಮೃಗದ ಬಳಗದ್ದೂ ಅಲ್ಲ. ಬದುಕಿರುವ ಪ್ರಾಣಿಗಳಲ್ಲಿ ಇದರ ಹತ್ತಿರದ ನೆಂಟರು ಜಿರಾಫೆ ಮತ್ತು ಒಕಾಪಿ. ಗಂಟೆಗೆ 85 ಕಿಲೋಮೀಟರಿಗೂ ಮೀರಿದ ಓಟ, ತಲೆಯ ಇಕ್ಕೆಲಗಳಲ್ಲಿ ದೊಡ್ಡ ಕಣ್ಣುಗಳು. ಮರವೇ ಇಲ್ಲದ ಬಯಲಿನಲ್ಲಿ ನೀವು ಅದನ್ನು ನೋಡುವ ಮೊದಲೇ ಅದು ನಿಮ್ಮನ್ನು ನೋಡಿರುತ್ತದೆ.

ನನ್ನ ಜೊತೆಗಿದ್ದ ಗೆಳೆಯ ಕೊಡಗಿನವನು. ಕೈಲ್‌ಪೊಳ್ದಿಗೆ ಕೋವಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನಿಗೂ ಬೇಟೆ ಹೊಸದೇ, ಏಕೆಂದರೆ 1972ರ ವನ್ಯಜೀವಿ ಕಾಯ್ದೆಯ ನಂತರ ಹುಟ್ಟಿದ ನಮ್ಮಂಥವರಿಗೆ ಊರಿನಲ್ಲಿ ಅದು ಹಿರಿಯರ ಕಥೆ ಮಾತ್ರ.

ಮೊದಲು ಕಾಗದಪತ್ರ. ಪರವಾನಗಿಯನ್ನು ವಯೋಮಿಂಗ್ ಗೇಮ್ ಅಂಡ್ ಫಿಶ್ ಇಲಾಖೆ ಲಾಟರಿ ಎತ್ತಿ ಕೊಡುತ್ತದೆ. ಹೊರ ರಾಜ್ಯದವರ ಅರ್ಜಿಯ ಗಡುವು ಜೂನ್ ಆರಂಭದಲ್ಲೇ ಮುಗಿಯುತ್ತದೆ, ಬೇಟೆ ಇರುವುದು ಶರತ್ಕಾಲದಲ್ಲಿ. 2022-23ರ ಭೀಕರ ಚಳಿಗಾಲದಲ್ಲಿ ಪ್ರಾಣಿಗಳು ಅಪಾರವಾಗಿ ಸತ್ತ ಮೇಲೆ ಪರವಾನಗಿಗಳನ್ನು ಕಡಿತ ಮಾಡಿದ್ದರಿಂದ, ಹಳೆಯ ಅಂಕಿಅಂಶ ನಂಬಿ ಪ್ರದೇಶ ಆರಿಸಬೇಡಿ. 1966ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಬೇಟೆ ತರಬೇತಿಯ ಪ್ರಮಾಣಪತ್ರ ಬೇಕು. ನಮ್ಮವರು ಗಮನಿಸಬೇಕಾದದ್ದು ಇನ್ನೊಂದಿದೆ: ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಚಾಲ್ತಿಯಲ್ಲಿದ್ದರೆ ವಿನಾಯಿತಿ ಸಿಗುತ್ತದೆ. ಸಂಶಯವಿದ್ದರೆ ಗೆಳೆಯರನ್ನಲ್ಲ, ವಕೀಲರನ್ನು ಕೇಳಿ.

ರೈಲು ಹಳಿಯ ಎರಡೂ ಬದಿಯ ನೆಲ ಚದುರಂಗದ ಮಣೆ: ಒಂದು ಚದರ ಮೈಲಿ ಸರ್ಕಾರದ್ದು, ಪಕ್ಕದ್ದು ಖಾಸಗಿಯವರದ್ದು. ಎಷ್ಟೋ ಕಡೆ ಬೇಲಿಯೇ ಇರುವುದಿಲ್ಲ. ಜಮೀನಿನ ಗಡಿ ತೋರಿಸುವ ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳಿ. ಒಳಗೆ ಹೋದರೆ ಸಿಗ್ನಲ್ ಇಲ್ಲ. ಟ್ಯಾಂಕ್ ತುಂಬಿಸಿ, ಹೆಚ್ಚುವರಿ ಟೈರ್ ಮತ್ತು ಧಾರಾಳ ನೀರು ಇಟ್ಟುಕೊಳ್ಳಿ. ಮಳೆಯ ಮೋಡ ಕಂಡರೆ ಮಣ್ಣಿನ ದಾರಿಯಿಂದ ಕೂಡಲೇ ಹೊರಬನ್ನಿ. ಅಲ್ಲಿನ ಜೇಡಿ ನೆಂದರೆ ಫೋರ್ ವೀಲ್ ಡ್ರೈವ್ ಇದ್ದರೂ ಚಕ್ರ ಕದಲುವುದಿಲ್ಲ.

ಇನ್ನು ಬೇಟೆ. ಎದ್ದು ನಡೆದದ್ದೆಲ್ಲ ವ್ಯರ್ಥ. ಒಣ ಹಳ್ಳ ಹಿಡಿದು, ಗಾಳಿಗೆ ಎದುರಾಗಿ ಬಾಗಿ ಹೋಗುವುದು, ಹಳ್ಳ ಮುಗಿದ ಮೇಲೆ ಹೊಟ್ಟೆಯ ಮೇಲೆ ತೆವಳುವುದು, ಇಷ್ಟೇ ಉಪಾಯ. ಮೊಣಕಾಲಿನೆತ್ತರದ ಸೇಜ್ ಪೊದೆಗಳ ನಡುವೆ ಪುಟ್ಟ ಪಾಪಾಸುಕಳ್ಳಿಗಳು ಹರಡಿಕೊಂಡಿರುತ್ತವೆ. ದಪ್ಪ ಚರ್ಮದ ಕೈಗವಸು, ಮೊಣಕಾಲಿನ ಪ್ಯಾಡ್ ಇಲ್ಲದೆ ಹೋಗಬೇಡಿ. ಹಿಂಭಾಗದ ಬಿಳಿ ಕೂದಲು ನಿಮಿರಿತೆಂದರೆ ಹಿಂಡು ಹೊರಟಂತೆಯೇ. ಆಗ ಬೆನ್ನು ಹತ್ತಬೇಡಿ, ಕುಳಿತು ದುರ್ಬೀನಿನಲ್ಲಿ ನೋಡಿ: ಎಷ್ಟೋ ಸಲ ಒಂದು ದಿಬ್ಬದಾಚೆ ನಿಂತು ಮತ್ತೆ ಮೇಯತೊಡಗುತ್ತವೆ. ನಮಗೆ ಸಿಕ್ಕ ಗಂಡು ಹಾಗೆ ನಿಂತದ್ದೇ. ಸುಮಾರು 180 ಮೀಟರ್ ದೂರ. "ತಡೆ, ಅಡ್ಡ ತಿರುಗಲಿ" ಎಂದು ಗೆಳೆಯ ಪಿಸುಗುಟ್ಟಿದ. ತಿರುಗಿತು, ಭುಜದ ಹಿಂದಕ್ಕೆ ಗುರಿಯಿಟ್ಟೆ. ನಾನೂರು, ಐನೂರು ಮೀಟರಿನಿಂದ ಹೊಡೆದೆನೆಂದು ಜಂಬ ಕೊಚ್ಚುವವರ ಮಾತು ಕೇಳಬೇಡಿ. ಆ ಬಯಲಿನ ಗಾಳಿಯಲ್ಲಿ ಅದು ಗಾಯಗೊಂಡ ಪ್ರಾಣಿಯನ್ನು ಕಳೆದುಕೊಳ್ಳುವ ದಾರಿ. ಕಿತ್ತಳೆ ಅಥವಾ ಗುಲಾಬಿ ಬಣ್ಣದ ಹೊಳೆಯುವ ಮೇಲುಡುಪು ಕಡ್ಡಾಯ.

ಅರ್ಧ ಕೆಲಸ ಉಳಿಯುವುದು ಆಮೇಲೆ. ಪರವಾನಗಿಯ ಚೀಟಿ ಹರಿದು, ತಾರೀಖು ಬರೆದು, ಸಹಿ ಮಾಡಿ. ಗಂಡೋ ಹೆಣ್ಣೋ ಎಂಬ ಗುರುತನ್ನು ಮಾಂಸದ ಜೊತೆ ಉಳಿಸಿಕೊಳ್ಳಬೇಕು. ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿದ್ದ ಜಾಗದಲ್ಲಿ ಮಧ್ಯಾಹ್ನ ಅಂಗಿ ಒದ್ದೆಯಾಗುವ ಬಿಸಿಲು, ಹಾಗಾಗಿ ತಕ್ಷಣ ಕರುಳು ತೆಗೆದು, ಚರ್ಮ ಸುಲಿದು, ಮಂಜುಗಡ್ಡೆಗೆ ಸೇರಿಸಿ. ಟೊಳ್ಳು ಕೂದಲು ಮುಟ್ಟಿದರೆ ಸಾಕು, ಗೊಂಚಲು ಗೊಂಚಲಾಗಿ ಕಿತ್ತು ಬಂದು ರಕ್ತಕ್ಕೆ ಅಂಟುತ್ತದೆ. ಚೂರಿಯನ್ನು ಚರ್ಮದ ಒಳಗಿನಿಂದ ಹೊರಕ್ಕೆ ಆಡಿಸಿದರೆ ಮಾಂಸದ ಮೇಲೆ ಕೂದಲು ಕಡಿಮೆ. ಈ ಮಾಂಸ ನಾರುತ್ತದೆಂಬ ಅಪಖ್ಯಾತಿಗೆ ಹೆಚ್ಚಿನ ಪಾಲು ಕಾರಣ ಅದನ್ನು ಬಿಸಿಲಿನಲ್ಲಿ ಟ್ರಕ್ಕಿನ ಹಿಂದೆ ಹೇರಿಕೊಂಡು ಮೆರೆಯುವವರೇ.

ಕೊಬ್ಬು ತೀರಾ ಕಡಿಮೆ. ಬೆನ್ನಿನ ತುಂಡನ್ನು ಜೋರು ಉರಿಯಲ್ಲಿ ಕ್ಷಣ ಹೊತ್ತು ಹುರಿದು ಇಳಿಸಿ, ಒಳಗೆ ಕೆಂಪು ಉಳಿದಿರಲಿ. ಕಾಲಿನ ಮಾಂಸವನ್ನು ಗೆಳೆಯ ಕರಿಮೆಣಸು, ಕಾಚಂಪುಳಿ ಹಾಕಿ ಕುಕ್ಕರಿನಲ್ಲಿ ಕೂಗಿಸಿದ, ಅಕ್ಕಿರೊಟ್ಟಿಗೆ ಚೆನ್ನಾಗಿತ್ತು.