ಅಕೌಂಟೆಂಟ್ ಬೇಕಾ ಬೇಡವಾ? ಮೊದಲು ಜನ ಎಣಿಸಿ

ಪೀಣ್ಯದ ಸುತ್ತಮುತ್ತಲಿನ ಸಣ್ಣ ವರ್ಕ್‌ಶಾಪ್, ಬೇಕರಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. "ಸರ್, ನಮ್ಮಂಥ ಸಣ್ಣವರಿಗೆ ಅಕೌಂಟೆಂಟ್ ಬೇಕಾ?" ಅಂತ ಹೊಸ ಮಾಲೀಕರು ಕೇಳುತ್ತಾರೆ. ವ್ಯಾಪಾರ ಎಷ್ಟು ಅನ್ನುವುದು ಆಮೇಲೆ. ಕೆಲಸಕ್ಕೆ ಎಷ್ಟು ಜನ ಇದ್ದಾರೆ ಅಂತ ನಾನು ಮೊದಲು ಕೇಳುತ್ತೇನೆ.

ಗಂಡ ಹೆಂಡತಿ ಇಬ್ಬರೇ ನಡೆಸುವ, ಜಿಎಸ್‌ಟಿ ಇಲ್ಲದ ಅಂಗಡಿಗೆ ತಿಂಗಳ ಸಂಬಳದ ಅಕೌಂಟೆಂಟ್ ಸುಮ್ನೆ ಖರ್ಚು. ವರ್ಷಕ್ಕೊಮ್ಮೆ ಆಡಿಟರ್ ಹತ್ತಿರ ಹೋದರೆ ಸಾಕು. ಆದರೆ ದಿನದ ಮಾರಾಟ ಬರೆದಿಡುವುದನ್ನು ಬಿಡಬೇಡಿ. 2025ರ ಜುಲೈ ನೆನಪಿದೆ ಅಲ್ವಾ? ಯುಪಿಐ ಜಮೆ ನೋಡಿ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ಜಿಎಸ್‌ಟಿ ನೋಟಿಸ್ ಬಂದಿತ್ತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾಲಿಗೆ ತೆರಿಗೆ ಇಲ್ಲ. ಆದರೆ ಹಾಲಿನ ಜೊತೆ ಬಿಸ್ಕತ್ತೂ ಮಾರಿದರೆ ಆ 40 ಲಕ್ಷದಲ್ಲಿ ಹಾಲಿನ ದುಡ್ಡೂ ಸೇರುತ್ತದೆ, ತೆರಿಗೆ ಮಾತ್ರ ಬಿಸ್ಕತ್ತಿಗೆ. ಹಾಲು, ಬಿಸ್ಕತ್ತು, ಭಾವಮೈದುನ ವಾಪಸ್ ಕೊಟ್ಟ ಸಾಲ ಎಲ್ಲಾ ಒಂದೇ ಕ್ಯೂಆರ್ ಕೋಡಿಗೆ ಬಂದಿದ್ದರೆ ಯಾವುದು ಏನು ಅಂತ ತೋರಿಸುವುದು ಹೇಗೆ? ಅದು ಯಾವ ಅಕೌಂಟೆಂಟ್‌ಗೂ ಕನಸಲ್ಲಿ ಬರುವುದಿಲ್ಲ.

ಫ್ಯಾಕ್ಟರಿಗಳಿಗೆ ಮಾಲು ಕೊಡುವವರ ಕಷ್ಟ ಬೇರೆ. ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ರಿಟರ್ನ್) ಹಾಕದಿದ್ದರೆ ನಿಮ್ಮ ಬಿಲ್ಲು ಪಾರ್ಟಿಯ, ಅಂದರೆ ಮಾಲು ಕೊಂಡವರ, ಆ ತಿಂಗಳ 2ಬಿಯಲ್ಲಿ (ಅವರ ಖರೀದಿ ಬಿಲ್ಲುಗಳ ಜಿಎಸ್‌ಟಿ ಪಟ್ಟಿ) ಕಾಣುವುದಿಲ್ಲ. ಆ ಬಿಲ್ಲಿನ ಜಿಎಸ್‌ಟಿಯನ್ನು ಅವರು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಲು ಆಗುವುದಿಲ್ಲ, ಅದಕ್ಕೇ ಪೇಮೆಂಟ್ ತಡೆಯುತ್ತಾರೆ. ಇಂಥವರು ಪಾರ್ಟ್ ಟೈಮ್ ಆದರೂ ಒಬ್ಬರನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಸಂಬಳ. 10 ಜನ ಆದರೆ ಇಎಸ್‌ಐ (ಕೆಲಸಗಾರರ ವಿಮೆ), 20 ಆದರೆ ಪಿಎಫ್ (ಭವಿಷ್ಯ ನಿಧಿ) ಕಟ್ಟಬೇಕು. ಇಎಸ್‌ಐಗೆ ಕೆಲಸಗಾರರಿಂದ ಶೇ 0.75, ಮಾಲೀಕರಿಂದ ಶೇ 3.25. ಅಂದರೆ 18,000 ಸಂಬಳಕ್ಕೆ 135 ಮತ್ತು 585 ರೂಪಾಯಿ. ಈ ಲೆಕ್ಕ ಯಾರಿಗಾದರೂ ಬರುತ್ತದೆ. ಪ್ರತಿ ತಿಂಗಳು 15ರೊಳಗೆ ತಪ್ಪದೆ ಕಟ್ಟುವುದು, ಬಿಟ್ಟುಹೋದವರನ್ನು ತೆಗೆಯುವುದು, ಹೊಸಬರನ್ನು ಸೇರಿಸುವುದು, ಇದೇ ತಲೆನೋವು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಪ್ಯಾನ್‌ನಲ್ಲಿ ಇನ್ನೊಂದು ಇದ್ದರಂತೂ ಅರ್ಧ ದಿನ ಅಲ್ಲೇ ಹೋಯಿತು. ಒಮ್ಮೆ ಪಿಎಫ್‌ಗೆ ಸೇರಿದ ಮೇಲೆ ಜನ 20ಕ್ಕಿಂತ ಕಡಿಮೆಯಾದರೂ ಕಟ್ಟುತ್ತಲೇ ಇರಬೇಕು. ಜನ 10ರ ಹತ್ತಿರ ಬಂದಾಗಲೇ ಅಕೌಂಟೆಂಟ್ ಹುಡುಕಿ ಅನ್ನುವುದು ಇದಕ್ಕೇ.

ಬಟವಾಡೆ ದಿನದ ಜಗಳಗಳು ಮಾತ್ರ ಜಾಸ್ತಿ ಅಡ್ವಾನ್ಸ್‌ನದ್ದೇ. ಊರ ಹಬ್ಬಕ್ಕೆ ಎರಡು ಸಾವಿರ, ಮಗುವಿನ ಔಷಧಿಗೆ ಐನೂರು. ಮಾಲೀಕರು ಜೇಬಿನಿಂದ ತೆಗೆದು ಕೊಟ್ಟಿರುತ್ತಾರೆ, ಎಲ್ಲೂ ಬರೆದಿರುವುದಿಲ್ಲ. ನಾನು ಹೋದ ಕಡೆಯೆಲ್ಲಾ ಹಾಜರಿ ಪುಸ್ತಕದಲ್ಲೇ ಅಡ್ವಾನ್ಸ್‌ಗೆ ಒಂದು ಕಾಲಂ ಹಾಕಿಸುತ್ತೇನೆ, ಪಕ್ಕದಲ್ಲಿ ತಗೊಂಡವರ ಸಹಿ. ಇದಕ್ಕೆ ಟ್ಯಾಲಿ ಸಾಫ್ಟ್‌ವೇರೂ ಬೇಡ, ನಾನೂ ಬೇಡ.

ಅಕೌಂಟೆಂಟ್ ಇಟ್ಟುಕೊಂಡರೂ ಜಿಎಸ್‌ಟಿ, ಪಿಎಫ್ ಖಾತೆಗಳಿಗೆ ನಿಮ್ಮ ಮೊಬೈಲ್ ನಂಬರನ್ನೇ ಕೊಡಿ. ಒಟಿಪಿ ಬಂದಾಗಲೆಲ್ಲಾ ನಿಮಗೆ ಫೋನ್ ಮಾಡಿ ಕೇಳುವುದು ನಮಗೆ ಕಿರಿಕಿರಿ, ನಿಜ. ಆದರೆ ನಾಳೆ ನಾವು ಕೆಲಸ ಬಿಟ್ಟರೆ ಪಾಸ್‌ವರ್ಡ್‌ಗಾಗಿ ನೀವು ನಮ್ಮ ಹಿಂದೆ ಅಲೆಯಬೇಕಾಗುವುದಿಲ್ಲ.