ಜೋಡಿ ಸಾಲದು, ಹಿಂಡೇ ಬೇಕು

ಪಕ್ಕದ ಮನೆಯವರಿಗೆ ವರ್ಗವಾಯ್ತು. ಹೊರಡುವಾಗ ತಮ್ಮ ಎರಡಡಿ ಅಕ್ವೇರಿಯಂ, ಅದರ ಫಿಲ್ಟರ್, ಒಳಗಿದ್ದ ಮೂರು ಜೀಬ್ರಾ ಮೀನು ಎಲ್ಲವನ್ನೂ ನನ್ನ ಮಗಳಿಗೆ ಒಪ್ಪಿಸಿ ಹೋದರು. ಬೆರಳುದ್ದವೂ ಇಲ್ಲದ ಮೀನು. ಬೆಳ್ಳಿ ಬಣ್ಣದ ಮೈ, ಉದ್ದಕ್ಕೂ ನೀಲಿ ಪಟ್ಟೆ.

ಮೂರರಲ್ಲಿ ಒಂದು ಬಲು ಜೋರು. ದಿನವಿಡೀ ಒಂದೇ ಮೀನಿನ ಬೆನ್ನು ಹತ್ತುತ್ತಿತ್ತು. ಆ ಪಾಪದ್ದು ಫಿಲ್ಟರ್ ಹಿಂದಿನ ಸಂದಿ ಬಿಟ್ಟು ಈಚೆಗೆ ಬರುತ್ತಲೇ ಇರಲಿಲ್ಲ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ನಿಂತಿರುತ್ತಿತ್ತು. ಬಾಲದ ಅಂಚು ಹರಿದಿತ್ತು. “ಅಮ್ಮ, ಇದಕ್ಕೆ ಹುಷಾರಿಲ್ವಾ?” ಅಂತ ಮಗಳು ಕೇಳಿದಳು. ಕಾಯಿಲೆ ಅಲ್ಲ ಅದು. ಜೊತೆಗಾರರು ಸಾಲದೆ ಬಂದ ಕಷ್ಟ.

ಜೀಬ್ರಾ ನಮ್ಮ ದೇಶದ್ದೇ ಮೀನು. ಸ್ಕಾಟ್ಲೆಂಡಿನ ವೈದ್ಯ, ಪ್ರಕೃತಿ ತಜ್ಞ ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಬರೆದಾಗ ಇದನ್ನೂ ವಿವರಿಸಿದ್ದ. ಸಣ್ಣ ತೊರೆ, ಗದ್ದೆ ಬದಿಯ ಕಾಲುವೆಗಳಲ್ಲಿ ಹಿಂಡಾಗಿ ಓಡಾಡುತ್ತೆ. ಹಿಂಡಿನಲ್ಲೂ ಬೆನ್ನಟ್ಟುವುದು, ಕಚ್ಚುವುದು ಇದ್ದದ್ದೇ. ಆದರೆ ಅಲ್ಲಿ ಆ ಕಾಟ ಹಂಚಿಹೋಗುತ್ತೆ. ಮೂರೇ ಇದ್ದರೆ ಪೂರ್ತಿ ಒಂದರ ತಲೆ ಮೇಲೆ. ಆರಕ್ಕಿಂತ ಕಡಿಮೆ ಸಾಕಬಾರದು. ಎಂಟು, ಹತ್ತು ಇದ್ದರೆ ಇನ್ನೂ ಒಳ್ಳೇದು.

ಇನ್ನೂ ಎಂಟು ತರೋಣ ಅಂತ ಅಂಗಡಿಗೆ ಹೋದೆವು. ಅಲ್ಲಿ ಮೀನು ಮಾರೋದು ಜೋಡಿ ಲೆಕ್ಕದಲ್ಲಿ. “ನಾಲ್ಕ್ ಜೋಡಿನೂ ಜೀಬ್ರಾ ಯಾಕಕ್ಕಾ? ಒಂದ್ ಜೋಡಿ ನಿಯಾನ್ ತಗೊಳ್ರಿ, ಕಲರ್ ಚೆನ್ನಾಗಿರ್ತದೆ” ಅಂದ ಹುಡುಗ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ನಿಯಾನ್ ಟೆಟ್ರಾ ಕೂಡ ಗುಂಪಿನ ಮೀನೇ. ಎರಡೇ ತಂದರೆ ಅವೂ ಮೂಲೆ ಸೇರುತ್ತವೆ. ಮೇಲಾಗಿ ಅದು ಅಮೆಜಾನ್ ಕಡೆಯ ಮೆದು ನೀರಿನದು. ದಾವಣಗೆರೆಯಲ್ಲಿ ನಮ್ಮ ಮನೆಯ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತೆ. ಜೀಬ್ರಾ ಇಂಥ ಗಡಸು ನೀರನ್ನೂ ತಡೆದುಕೊಳ್ಳುತ್ತೆ.

ತಂದ ಮೀನನ್ನು ತಕ್ಷಣ ಬಿಡಲಿಲ್ಲ. ಅಂಗಡಿಯಿಂದ ಬಿಳಿ ಚುಕ್ಕೆ ರೋಗ ಅಂಟಿಕೊಂಡು ಬಂದಿದ್ದರೆ ಎಲ್ಲಕ್ಕೂ ಹರಡುತ್ತೆ. ಬೇರೆ ಟಬ್ಬಿನಲ್ಲಿ ಏರ್ ಪಂಪ್ ಹಾಕಿ, ಹಾರದಂತೆ ಮೇಲೆ ಸೊಳ್ಳೆ ಪರದೆ ಬಿಗಿದು, ಒಂದೆರಡು ವಾರ ಮೈ ನೋಡಿಕೊಂಡೆವು.

ಆಮೇಲೆ ಒಂದು ಭಾನುವಾರ ಬೆಳಿಗ್ಗೆಯೇ ಕೆಲಸಕ್ಕೆ ಕೂತೆವು. ಕಾಲು ಭಾಗ ನೀರು ತೆಗೆದು ಬಕೆಟ್‌ಗೆ ಹಾಕಿದೆ. ಫಿಲ್ಟರಿನ ಸ್ಪಂಜನ್ನು ಅದೇ ನೀರಲ್ಲಿ ಮೆಲ್ಲಗೆ ಹಿಂಡಿದೆ. ಕಂದು ಬಣ್ಣದ ರಾಡಿ ಇಳಿಯಿತು. ನಲ್ಲಿ ಕೆಳಗೆ ಮಾತ್ರ ಹಿಡಿಯಬಾರದು. ಮೀನಿನ ಗಲೀಜಿನಿಂದ ಬರುವ, ಮೀನಿಗೇ ವಿಷವಾದ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲೇ ಇರೋದು. ನಲ್ಲಿ ನೀರಿನ ಕ್ಲೋರಿನ್ ಅವನ್ನು ಸಾಯಿಸುತ್ತೆ. ಮೀನು ಜಾಸ್ತಿ ಆಗುವ ದಿನವೇ ಅವು ಸತ್ತರೆ ಗತಿ ಏನು? ಹೊಸ ನೀರನ್ನೂ ಹಿಂದಿನ ದಿನವೇ ಹಿಡಿದು ಕ್ಲೋರಿನ್ ಹೋಗಲಿ ಅಂತ ತೆರೆದಿಟ್ಟಿದ್ದೆ.

ಕಲ್ಲು, ಗಿಡಗಳ ಜಾಗವನ್ನೆಲ್ಲ ಅದಲು ಬದಲು ಮಾಡಿದೆವು. ಜೋರಿನ ಮೀನಿಗೆ ‘ಇದು ನನ್ನ ಜಾಗ’ ಅನ್ನೋಕೆ ಗುರುತು ಸಿಗಬಾರದು. ಟಬ್ಬು, ಅಕ್ವೇರಿಯಂ ಎರಡರಲ್ಲೂ ನೀರಿನ ಬಿಸಿ ಒಂದೇ ಇದೆಯಾ ಅಂತ ಥರ್ಮಾಮೀಟರ್ ಅದ್ದಿ ನೋಡಿ, ಲೈಟ್ ಆರಿಸಿ, ಬಲೆಯಿಂದ ಒಂದೊಂದೇ ಬಿಟ್ಟೆವು.

ಹೊಸ ಎಂಟೂ ಮೂಲೆಯಲ್ಲಿ ಒತ್ತಿಕೊಂಡು ನಿಂತವು. ಜೋರಿನದು ನುಗ್ಗಿತು. ಎಂಟೂ ಚದುರಿ, ಅದರ ಹಿಂದೆ ಹೋಗಿ ಮತ್ತೆ ಕೂಡಿದವು. ಯಾವುದನ್ನು ಹಿಡಿಯೋದು ಅಂತ ಅದಕ್ಕೆ ತಿಳಿಯಲಿಲ್ಲ. ಇನ್ನೊಮ್ಮೆ ನುಗ್ಗಿತು. ಮತ್ತೆ ಹಾಗೇ. ಆಮೇಲೆ ಬಿಟ್ಟುಬಿಟ್ಟಿತು. ಸಂಜೆ ಹೊತ್ತಿಗೆ ಅದೂ ಆ ಸಾಲಿನಲ್ಲೇ ಓಡಾಡುತ್ತಿತ್ತು. ಮೀನಿನ ಮೈಯ ಎರಡೂ ಬದಿಗೆ ನೀರಿನ ಅಲುಗಾಟ ಗುರುತಿಸುವ ಒಂದು ಗೆರೆ ಇರುತ್ತೆ. ಪಕ್ಕದ್ದು ತಿರುಗಿತು ಅನ್ನೋದು ಕಣ್ಣಿನ ಜೊತೆ ಅದಕ್ಕೂ ಗೊತ್ತಾಗುತ್ತೆ. ಅದಕ್ಕೇ ಹಿಂಡು ಒಟ್ಟಿಗೇ ತಿರುಗೋದು ಅಷ್ಟು ಚೆಂದ.

ಹಿಂಡು ಫಿಲ್ಟರ್ ಪಕ್ಕ ಹಾಯುವಾಗ ಹರಿದ ಬಾಲದ್ದು ಸಂದಿಯಿಂದ ಹೊರಬಂದು ಕೊನೆಗೆ ಸೇರಿಕೊಂಡಿತು. ಮಗಳು ಕೂಗಿದ ರಭಸಕ್ಕೆ ಅತ್ತೆ ಅಡಿಗೆಮನೆಯಿಂದ ಬಂದರು. “ಸಂತಿಗೆ ಹೊಂಟಂಗೆ ಹೊಂಟಾವ್ ನೋಡೇ” ಅಂದರು. ಅವತ್ತು ನಾವು ಟಿವಿ ಹಾಕಲೇ ಇಲ್ಲ.

ಆ ಬಾಲ ಈಗ ಪೂರ್ತಿ ಬೆಳೆದಿದೆ. ಜೀಬ್ರಾಗೆ ರೆಕ್ಕೆ ಮಾತ್ರ ಅಲ್ಲ, ಗಾಯವಾದ ಹೃದಯವೂ ಮತ್ತೆ ಬೆಳೆಯುತ್ತೆ. ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿ ಇದನ್ನು ಸಾಕಿ ಅಭ್ಯಾಸ ಮಾಡುವುದಕ್ಕೆ ಅದೂ ಒಂದು ಕಾರಣ.

ಹರಿಹರದಿಂದ ಬಂದಿದ್ದ ನನ್ನ ತಂಗಿ ನೋಡಿ, “ನಂಗೂ ಒಂದು ಜೋಡಿ ಕೊಡೇ” ಅಂದಳು. ಜೋಡಿ ಕೊಡಲ್ಲ, ಮರಿಯಾದರೆ ಹಿಂಡೇ ಕೊಡ್ತೀನಿ, ಮೊದಲು ಟ್ಯಾಂಕ್ ತಗೋ ಅಂದೆ. ಜೀಬ್ರಾ ತಾನಿಟ್ಟ ಮೊಟ್ಟೆಯನ್ನೇ ತಿಂದುಬಿಡುತ್ತೆ. ತಳಕ್ಕೆ ಗಾಜಿನ ಗೋಲಿ ಹರಡಿದರೆ ಮೊಟ್ಟೆ ಸಂದಿಗೆ ಇಳಿದು ಉಳಿಯುತ್ತವೆ. ಮಗಳು ಬೀದಿಯ ಹುಡುಗರ ಹತ್ತಿರ ಗೋಲಿ ಕೇಳುತ್ತಾ ಇದ್ದಾಳೆ.