ಗ್ಯಾಲ್ವೆಸ್ಟನ್‌ನಲ್ಲಿ ಹಡಗು ಹತ್ತುವ ದಿನ: ಎಷ್ಟು ಗಂಟೆಗೆ ಹೋಗಬೇಕು?

ಅಮೆರಿಕದ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಂದರಿನಿಂದ ಕ್ರೂಸ್ (ಹಡಗಿನ ವಿಹಾರ ಪ್ರಯಾಣ) ಬುಕ್ ಮಾಡಿ ಆನ್‌ಲೈನ್ ಚೆಕ್-ಇನ್ ಶುರು ಮಾಡಿದರೆ ಒಂದು ಪ್ರಶ್ನೆ ಬರುತ್ತದೆ: ಹೊರಡುವ ದಿನ ಟರ್ಮಿನಲ್‌ಗೆ ಎಷ್ಟು ಗಂಟೆಗೆ ಬರುತ್ತೀರಿ? ಅರ್ಧರ್ಧ ಗಂಟೆಯ ಸ್ಲಾಟುಗಳಿರುತ್ತವೆ. ಬೆಳಗಿನವು ಬೇಗ ಮುಗಿದುಹೋಗುತ್ತವೆ. ಮೊದಲು ಹತ್ತಿದರೆ ಒಂದು ಊಟ ಜಾಸ್ತಿ, ಈಜುಕೊಳ ಖಾಲಿ, ದುಡ್ಡಿಗೆ ತಕ್ಕ ಮಜಾ ಅಂತ ಎಲ್ಲರ ಲೆಕ್ಕ. ಗಂಡ ಹೆಂಡತಿ ಇಬ್ಬರೇ ಹೋಗುವಾಗ ನಾವೂ ಹಾಗೇ ಮಾಡುತ್ತೇವೆ. ಆದರೆ ಈ ಜನವರಿಯಲ್ಲಿ ತುಮಕೂರಿನಿಂದ ಬಂದಿದ್ದ ಅಪ್ಪ ಅಮ್ಮನೂ ಜೊತೆಗಿದ್ದರು. ಅಮ್ಮನಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಹಾಗಾಗಿ ಲೆಕ್ಕವೇ ಬೇರೆ ಆಯಿತು.

ಅಪ್ಪನದು ಒಂದೇ ಮಾತು. "ಹನ್ನೊಂದಕ್ಕೆ ಬಾಗಿಲು ತೆಗೀತಾರೆ ಅಂದ್ರೆ ಹತ್ತೂವರೆಗೇ ಹೋಗಿ ನಿಂತ್ಕೊಳ್ಳೋಣಮ್ಮ. ಬೇಗ ಹೋದ್ರೆ ಏನು ನಷ್ಟ?" ಆರು ಗಂಟೆಯ ರೈಲಿಗೆ ಐದಕ್ಕೇ ಪ್ಲಾಟ್‌ಫಾರ್ಮಿನಲ್ಲಿ ಇರುವ ಮನುಷ್ಯ ಅವರು.

ನಷ್ಟ ಇದೆ. ಹಡಗು ಅದೇ ದಿನ ನಸುಕಿನಲ್ಲಿ ಹಿಂದಿನ ಪ್ರಯಾಣ ಮುಗಿಸಿ ಬಂದಿರುತ್ತದೆ. ಸಾವಿರಾರು ಜನ ಇಳಿಯಬೇಕು. ಅವರ ಲಗೇಜು ಇಳಿಯಬೇಕು, ಎಲ್ಲ ರೂಮುಗಳ ಹಾಸಿಗೆ ಬದಲಾಗಬೇಕು, ಆಹಾರ ಸಾಮಾನು ಒಳಗೆ ಹೋಗಬೇಕು. ಇಷ್ಟೆಲ್ಲ ಕೆಲವೇ ಗಂಟೆಗಳಲ್ಲಿ. ಹಾಗಾಗಿ ಹನ್ನೊಂದಕ್ಕೆ ಹಡಗಿನೊಳಗೆ ಹೋದರೂ ರೂಮು ಸಿಗುವುದು ಸಾಮಾನ್ಯವಾಗಿ ಒಂದು, ಒಂದೂವರೆಗೆ. ಅಲ್ಲಿವರೆಗೆ ಕೈಯಲ್ಲಿ ಬ್ಯಾಗು ಹಿಡಿದು ಬಫೆಯ ಗದ್ದಲದಲ್ಲೋ ಲಾಬಿಯಲ್ಲೋ ಇರಬೇಕು. ನಮಗೆ ಅದು ಏನೂ ಅಲ್ಲ. ಕಾಲು ಚಾಚಿ ಮಲಗಲೇಬೇಕಾದವರಿಗೆ ಎರಡು ಗಂಟೆ ಬಹಳ ದೊಡ್ಡದು. ಟರ್ಮಿನಲ್‌ನಲ್ಲಿ ಗಾಲಿಕುರ್ಚಿ ಕೇಳಿದರೆ ಕೊಡುತ್ತಾರೆ, ತಳ್ಳಿಕೊಂಡು ಒಳಗೆ ತನಕ ಬಿಡುತ್ತಾರೆ. ಆದರೆ ಅದು ಹತ್ತಿಸುವುದಕ್ಕೆ ಮಾತ್ರ. ರೂಮು ತೆರೆದಿಲ್ಲ ಅಂದರೆ ಯಾವುದಾದರೂ ಸೋಫಾದ ಹತ್ತಿರ ಇಳಿಸಿ ಕುರ್ಚಿ ವಾಪಸ್ ತೆಗೆದುಕೊಂಡು ಹೋಗುತ್ತಾರೆ.

ಹಾಗಾದರೆ ತಡವಾಗಿ ಹೋದರೆ? ಅದು ನನಗೆ ಇನ್ನೂ ಭಯ. ನಮ್ಮ ಹಡಗು ಹೊರಡುವುದು ನಾಲ್ಕಕ್ಕೆ. ಆದರೆ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಓಡಿ ಹತ್ತಲು ಇದು ಬಸ್ಸಲ್ಲ. ಹೊರಡುವ ಪ್ರಯಾಣಿಕರ ಪಟ್ಟಿಯನ್ನು ಕನಿಷ್ಠ 60 ನಿಮಿಷ ಮೊದಲು ಅಮೆರಿಕದ ಕಸ್ಟಮ್ಸ್‌ಗೆ ಕಳಿಸಬೇಕು ಅಂತ ಇಲ್ಲಿ ನಿಯಮ. ಅದಕ್ಕೇ ಕಂಪನಿಗಳು ಒಂದು, ಒಂದೂವರೆ ಗಂಟೆ ಮೊದಲೇ ಬಾಗಿಲು ಮುಚ್ಚುತ್ತವೆ. ತಪ್ಪಿದರೆ ಮುಂದಿನ ಬಂದರಿಗೆ ನಮ್ಮದೇ ಖರ್ಚಿನಲ್ಲಿ ವಿಮಾನ ಹತ್ತಬೇಕು. ಮಂಡಿ ನೋವಿನ ಅಮ್ಮನನ್ನು ಕರೆದುಕೊಂಡು ಮೆಕ್ಸಿಕೋದ ಕೊಜುಮೆಲ್‌ಗೆ ಓಡುವುದನ್ನು ಯೋಚಿಸುವುದೂ ಬೇಡ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇನ್ನೊಂದು ಮಾತು. ಗ್ಯಾಲ್ವೆಸ್ಟನ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗಿನಲ್ಲಿ ಅಮೆರಿಕದ ಪ್ರಜೆಗಳು ಜನನ ಪ್ರಮಾಣಪತ್ರ, ಫೋಟೋ ಇರುವ ಐಡಿ ತೋರಿಸಿಯೂ ಹೋಗಬಹುದು. ನಮ್ಮದು ಹಾಗಲ್ಲ. ಪಾಸ್‌ಪೋರ್ಟ್, ವೀಸಾ, ಗ್ರೀನ್ ಕಾರ್ಡ್ ಇದ್ದರೆ ಅದು, ಎಲ್ಲವನ್ನೂ ನೋಡುತ್ತಾರೆ. ಕೆಲವೊಮ್ಮೆ ಬೇರೆ ಕೌಂಟರಿಗೆ ಕಳಿಸುತ್ತಾರೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮ ಇದ್ದರೆ ಸಮಯ ಇನ್ನೂ ಜಾಸ್ತಿ ಹಿಡಿಯುತ್ತದೆ. ಕೊನೆಯ ಗಂಟೆಯಲ್ಲಿ ಹೋಗಿ ಆ ಕೌಂಟರಿನ ಮುಂದೆ ಬೆವರುವುದು ಯಾಕೆ?

ಅಷ್ಟಕ್ಕೇ ಮುಗಿಯುವುದಿಲ್ಲ. ಸೇಫ್ಟಿ ಡ್ರಿಲ್ ಇದೆ, ಅಂದರೆ ಅಪಾಯ ಬಂದರೆ ಏನು ಮಾಡಬೇಕು, ಎಲ್ಲಿ ಸೇರಬೇಕು ಅನ್ನುವುದರ ಅಭ್ಯಾಸ. ನನ್ನ ಮಟ್ಟಿಗೆ ಸ್ಲಾಟು ಆರಿಸುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. 2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು ವಾಲಿತು. 32 ಜನ ಸತ್ತರು. ಅದೇ ದಿನ ಚಿವಿಟವೆಕ್ಕಿಯಾ ಬಂದರಿನಲ್ಲಿ ಹತ್ತಿದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕು ಅಂತ ಆಗಿನ ನಿಯಮ ಇತ್ತು. ಆಮೇಲೆ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕು. ಈಗ ತುಂಬಾ ಹಡಗುಗಳಲ್ಲಿ ವಿಡಿಯೋವನ್ನು ಫೋನಿನಲ್ಲೋ ರೂಮಿನ ಟಿವಿಯಲ್ಲೋ ನೋಡಿ, ಆಮೇಲೆ ನಮ್ಮ ಮಸ್ಟರ್ ಸ್ಟೇಷನ್‌ಗೆ (ಅಪಾಯದಲ್ಲಿ ಸೇರಬೇಕಾದ ಜಾಗಕ್ಕೆ) ನಾವೇ ಹೋಗಿ ಕಾರ್ಡ್ ತೋರಿಸಬೇಕು. ಬಹಳ ಜನ ಇದನ್ನು ಸುಮ್ನೆ ಒಂದು ಶಾಸ್ತ್ರ ಅಂತ ಮುಗಿಸುತ್ತಾರೆ. ನಾನು ಹಾಗೆ ಬಿಡಲಾರೆ. ಅಪಾಯ ಬಂದಾಗ ಲಿಫ್ಟ್ ಬಳಸುವಂತಿಲ್ಲ. ಅಮ್ಮ ಮೆಟ್ಟಿಲಲ್ಲೇ ಇಳಿಯಬೇಕು. ಯಾವ ಮೆಟ್ಟಿಲು, ಎಷ್ಟು ಹೊತ್ತು ಬೇಕು, ಎಲ್ಲಿ ಕಂಬಿ ಹಿಡಿಯಬಹುದು ಅನ್ನುವುದನ್ನು ಹಡಗು ಇನ್ನೂ ಬಂದರಿನಲ್ಲಿ ನಿಂತಿರುವಾಗಲೇ, ಜನ ತಳ್ಳದೆ ಇರುವಾಗಲೇ, ಒಂದು ಸಲ ನಡೆದು ನೋಡಬೇಕು. ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ನಿಧಾನಕ್ಕೆ ಇಳಿದೆವು. ಅಪ್ಪ ಸ್ಟೇಷನ್ನಿನ ಅಕ್ಷರವನ್ನು ತಮ್ಮ ಪುಟ್ಟ ಡೈರಿಯಲ್ಲಿ ಬರೆದುಕೊಂಡರು. ಎರಡೂವರೆಗೆ ಹತ್ತಿದ್ದರೆ ಇಷ್ಟು ನಿಧಾನ ಸಾಧ್ಯವಿರಲಿಲ್ಲ.

ಇನ್ನು ಊಟ. ಅಮ್ಮ ಮಾತ್ರೆ ತೆಗೆದುಕೊಂಡು ಒಂದು ಗಂಟೆಯೊಳಗೆ ಉಣ್ಣಲೇಬೇಕು. ಇದನ್ನೆಲ್ಲ ಹಿಂದಕ್ಕೆ ಎಣಿಸಿಕೊಂಡು ಬಂದರೆ ನಮಗೆ ಸರಿಹೊಂದಿದ್ದು ಹನ್ನೆರಡರಿಂದ ಹನ್ನೆರಡೂವರೆಯ ಸ್ಲಾಟು. ಒಂದಕ್ಕೆ ಊಟಕ್ಕೆ ಕೂತೆವು. ಊಟ ಮುಗಿಯುವಾಗ ರೂಮು ತೆರೆದಿತ್ತು. ಅಮ್ಮ ಅರ್ಧ ಗಂಟೆ ಮಲಗಿದರು. ಆಮೇಲೆ ಡ್ರಿಲ್. ಅದಾದ ಮೇಲೆ ನಾನು ಡೈನಿಂಗ್ ರೂಮಿನ ಮುಖ್ಯಸ್ಥರನ್ನು ಹುಡುಕಿ, ಮೊಟ್ಟೆಯೂ ಇಲ್ಲದ ಭಾರತೀಯ ಊಟ ಬೇಕು ಅಂತ ಹೇಳಿ ಬಂದೆ. ಮೊದಲ ದಿನವೇ ಹೇಳಿದರೆ ಮರುದಿನದಿಂದ ಬೇಳೆ, ಪಲ್ಯ ಮಾಡಿಸಿ ಕೊಡುತ್ತಾರೆ. ಅಡುಗೆಮನೆಯಲ್ಲೂ ಬಡಿಸುವವರಲ್ಲೂ ನಮ್ಮ ದೇಶದವರು ತುಂಬಾ ಜನ ಇರುತ್ತಾರೆ, ಪ್ರೀತಿಯಿಂದ ಕೇಳಿಸಿಕೊಳ್ಳುತ್ತಾರೆ.

ಪೋರ್ಟರ್ ಕೈಗೆ ಕೊಟ್ಟ ಸೂಟ್‌ಕೇಸು ರೂಮಿಗೆ ಬರುವುದು ಸಂಜೆಗೆ. ಮಾತ್ರೆ, ಇನ್ಸುಲಿನ್, ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ರೈಸ್ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ, ತೆಗೆದಿಟ್ಟುಕೊಳ್ಳುತ್ತಾರೆ. ಅಮ್ಮ ಮಾಡಿದ್ದ ಪುಳಿಯೋಗರೆಯನ್ನು ದಾರಿಯಲ್ಲೇ ಮುಗಿಸಿದೆವು, ಮನೆಯ ಅಡುಗೆಯನ್ನು ಹಡಗಿಗೆ ಬಿಡುವುದಿಲ್ಲವಲ್ಲ.

ದಾರಿ ಅಂದೆ. ನಾವಿರುವುದು ಡಾಲಸ್ ಪಕ್ಕದ ಪ್ಲೇನೋದಲ್ಲಿ. ಐ-45 ಹೆದ್ದಾರಿ ಡಾಲಸ್‌ನಿಂದ ಶುರುವಾಗಿ ನೇರ ಗ್ಯಾಲ್ವೆಸ್ಟನ್‌ನಲ್ಲೇ ಮುಗಿಯುತ್ತದೆ. ಸುಮಾರು 300 ಮೈಲಿ, ಐದು ಗಂಟೆ. ಮಧ್ಯೆ ಹ್ಯೂಸ್ಟನ್ ಟ್ರಾಫಿಕ್. ಬೆಳಗಿನ ಜಾವ ನಾಲ್ಕೂವರೆಗೆ ಹೊರಟರೆ ಹೋಗಿ ಸೇರಬಹುದು ಅಂತ ನನ್ನ ಗಂಡ ಅಂದರು. ಬೇಡ ಅಂದೆ. ಹಿಂದಿನ ದಿನವೇ ಗ್ಯಾಲ್ವೆಸ್ಟನ್‌ಗೆ ಹೋಗಿ ಸೀವಾಲ್ (ಕಡಲ ತಡೆಗೋಡೆ) ಬಳಿ ಹೋಟೆಲಿನಲ್ಲಿ ಉಳಿದೆವು. ಒಂದು ರಾತ್ರಿಯ ಬಾಡಿಗೆ ಜಾಸ್ತಿ ಆಯಿತು, ಆದರೆ ಅಮ್ಮ ನಿದ್ದೆ ಮಾಡಿ ಎದ್ದು ತಿಂಡಿ ತಿಂದು ಹಡಗು ಹತ್ತಿದರು.

ಚಳಿಗಾಲದಲ್ಲಿ ಹೋಗುವವರು ಮಂಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಡಿಸೆಂಬರ್‌ನಿಂದ ಮಾರ್ಚ್ ತನಕ ಮೆಕ್ಸಿಕೋ ಕೊಲ್ಲಿಯ ಬೆಚ್ಚನೆಯ ತೇವದ ಗಾಳಿ ತಣ್ಣನೆ ನೀರಿನ ಮೇಲೆ ಬಂದು ದಟ್ಟ ಮಂಜಾಗುತ್ತದೆ. ಹಡಗುಗಳನ್ನು ಒಳಗೆ ತರುವ ಪೈಲಟ್‌ಗಳು ಆಗ ಕೆಲಸ ನಿಲ್ಲಿಸುತ್ತಾರೆ. ಬರಬೇಕಾದ ಹಡಗು ಹೊರಗೇ ಕಾಯುತ್ತದೆ. ಅಂಥ ದಿನ ಎಲ್ಲರ ಸ್ಲಾಟೂ ಹಿಂದಕ್ಕೆ ಹೋಗುತ್ತದೆ, ಕಂಪನಿಯವರು ಫೋನಿಗೆ ಮೆಸೇಜ್ ಕಳಿಸುತ್ತಾರೆ. ಮೆಸೇಜ್ ಬಂದ ಮೇಲೂ ಹಳೆಯ ಸಮಯಕ್ಕೇ ಹೊರಟು ಬಂದರಿನ ಹಾರ್ಬರ್‌ಸೈಡ್ ಡ್ರೈವ್ ರಸ್ತೆಯಲ್ಲಿ ಕಾರಿನೊಳಗೆ ಸಿಕ್ಕಿಕೊಳ್ಳಬೇಡಿ. ಹೋಟೆಲಿನಲ್ಲೇ ಇರಿ.

ನಿಮಗೆ ಎರಡು ಗಂಟೆಯ ಸ್ಲಾಟು ಮಾತ್ರ ಉಳಿದಿದ್ದರೆ ಗಾಬರಿ ಬೇಡ. ಹಿರಿಯರಿಗೆ ಗ್ಯಾಲ್ವೆಸ್ಟನ್ ಊರಲ್ಲೇ ಊಟ, ಮಾತ್ರೆ ಎಲ್ಲ ಮುಗಿಸಿ ಕರೆದುಕೊಂಡು ಹೋಗಿ. ಆ ಹೊತ್ತಿಗೆ ಸಾಲು ಕಮ್ಮಿ, ರೂಮೂ ತಯಾರು. ಆದರೆ ಹತ್ತಿದ ಕೂಡಲೇ, ಬಫೆಗಿಂತ ಮೊದಲು, ಅವರನ್ನು ಮಸ್ಟರ್ ಸ್ಟೇಷನ್‌ಗೆ ನಡೆಸಿಕೊಂಡು ಹೋಗಿ.